ವಿಶ್ವೇಶ್ವರಯ್ಯನವರ ಭದ್ರಾವತಿ ಮತ್ತು ಹಳಿಗಳ ಲೆಕ್ಕ

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಪುನಶ್ಚೇತನದ ಮಾತು ಬಂದಾಗಲೆಲ್ಲ ನನ್ನ ಗಮನ ಹೋಗುವುದು ಅದಕ್ಕೆ ಅದಿರನ್ನೂ ಸೌದೆಯನ್ನೂ ಹೊತ್ತು ತರುತ್ತಿದ್ದ ಕಿರಿದಾದ ಟ್ರಾಮ್ ಹಳಿಗಳ ಕಡೆಗೆ. ಆ ಹಳಿಗಳು ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ಅವನ್ನು ಮತ್ತೆ ಹಾಸಬಹುದೇ, ಹಾಸಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನಲ್ಲೇ ಹುಡುಕುವುದು ಉಚಿತ.

ಮುದ್ದೇನಹಳ್ಳಿಯ ಈ ಬಾಲಕ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದಾಗ ರೈಲ್ವೆ ಕಾರ್ಯದರ್ಶಿಯ ಹೊಣೆಯೂ ಅವರದಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತು. ಸಂಸ್ಥಾನದ ರೈಲು ಮಾರ್ಗಗಳ ಆಡಳಿತವನ್ನು ಖಾಸಗಿ ಕಂಪನಿಯಿಂದ ಹಿಂದಕ್ಕೆ ಪಡೆಯಲು ಅವರು ಪಟ್ಟ ಶ್ರಮ ಅಷ್ಟಾಗಿ ಜನರ ನೆನಪಿನಲ್ಲಿಲ್ಲ.

ಭದ್ರಾವತಿಯ ಯೋಜನೆ ರೂಪುಗೊಂಡದ್ದು ಇದೇ ದೃಷ್ಟಿಯಿಂದ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು, ಬೀರೂರು–ಶಿವಮೊಗ್ಗ ರೈಲು ಮಾರ್ಗ ಮೊದಲೇ ಬಂದಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಮಲೆನಾಡಿನ ಮರದ ಇದ್ದಿಲನ್ನೇ ಉರುವಲಾಗಿಸಿದರು. ಗಣಿ, ಕಾಡು, ಕುಲುಮೆ, ಹಳಿ ಇವೆಲ್ಲವೂ ಒಂದೇ ಯೋಜನೆಯ ಭಾಗಗಳಾಗಿದ್ದವು. 1923ರ ಜನವರಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಆದರೆ ಅಷ್ಟರಲ್ಲಿ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ನಷ್ಟ ಬೆಳೆಯಿತು, ಟೀಕೆಯೂ ಬೆಳೆಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು 1929ರವರೆಗೆ ದುಡಿದರು. ವೆಚ್ಚಕ್ಕೆ ಕಡಿವಾಣ ಹಾಕಿದರು, ವಿದೇಶಿ ತಜ್ಞರ ಸ್ಥಾನಕ್ಕೆ ನಮ್ಮವರನ್ನು ತರಬೇತುಗೊಳಿಸಿದರು. ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು.

ಈ ಸಾಧನೆಗೆ ಬೆಲೆಯೂ ಇತ್ತೆಂಬುದನ್ನು ಮರೆಯಬಾರದು. ಕುಲುಮೆಗಾಗಿ ಅಪಾರ ಕಾಡು ಉರಿಯಿತು. ವಿದ್ಯುತ್ ಕುಲುಮೆಗಳು ಬಂದದ್ದು 1950ರ ದಶಕದಲ್ಲಿ.

ವಿಶ್ವೇಶ್ವರಯ್ಯನವರು 1962ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ಸರಿಯಾಗಿ 100 ವರ್ಷಕ್ಕೆ. ಅದೇ ಆಗಸ್ಟ್‌ನಲ್ಲಿ ಒಂದು ವಿಭಾಗ ಮತ್ತೆ ಕೆಲಸ ಶುರುಮಾಡಿತಾದರೂ, ಸ್ವಂತ ಗಣಿಯಿಲ್ಲದ ಕೊರಗು ನೀಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲಿ ಇದೊಂದು: ರೈಲಿನ ಸ್ಥಿರ ವೆಚ್ಚ ಬಹಳ ದೊಡ್ಡದು, ಹೊರೆ ಹೆಚ್ಚಿದಂತೆಲ್ಲ ಟನ್ನಿನ ಲೆಕ್ಕದಲ್ಲಿ ಅದು ಇಳಿಯುತ್ತದೆ. ಒಂದು ಟನ್ ಕಬ್ಬಿಣಕ್ಕೆ ಸುಮಾರು 1.5 ಟನ್ ಅದಿರು ಬೇಕು. ಇಷ್ಟು ಭಾರದ, ಇಷ್ಟು ಅಗ್ಗದ ಸರಕನ್ನು ಲಾರಿಗಳಲ್ಲಿ ದೂರದಿಂದ ತರಿಸಿ ಕಾರ್ಖಾನೆ ಬಾಳುವುದು ಕಷ್ಟ. ಹಾಗೆಂದು ಗಣಿಗಾರಿಕೆ ನಿಂತಿರುವ ಕೆಮ್ಮಣ್ಣುಗುಂಡಿಗೆ ಹಳಿ ಹಾಸಿದರೆ ಅದು ಸ್ಮಾರಕವಾದೀತೇ ಹೊರತು ಸಾಗಣೆಯ ಮಾರ್ಗವಾಗದು; ಅಲ್ಲಿನ ಕಾಡಿಗೆ ಎರಡನೆಯ ಸಲ ಕೊಡಲಿಯೇಟು ಬೀಳುವುದೂ ಬೇಡ.

ನನ್ನ ಸೇವಾವಧಿಯಲ್ಲಿ ಕಂಡಂತೆ ಗಣಿಯ ಕಡತ ಒಂದು ಇಲಾಖೆಯಲ್ಲಿ, ರೈಲಿನದು ಮತ್ತೊಂದರಲ್ಲಿ, ಕಾರ್ಖಾನೆಯದು ಮೂರನೆಯದರಲ್ಲಿ ಇರುತ್ತದೆ. ಮೂರೂ ಒಂದೇ ಮೇಜಿನ ಮೇಲೆ ಸೇರುವುದು ಅಪರೂಪ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಅವು ಸೇರಿದ್ದವು. ಭದ್ರಾವತಿಗೆ ಅದಿರಿನ ಭರವಸೆ ಮೊದಲು ಸಿಗಲಿ. ಅದರ ಪ್ರಮಾಣ ನೋಡಿ ಮುಖ್ಯ ಮಾರ್ಗದಿಂದ ಕಾರ್ಖಾನೆಯ ಅಂಗಳದವರೆಗಿನ ರೈಲು ಸಂಪರ್ಕವನ್ನು ಬಲಪಡಿಸಲಿ. ಎರಡರ ವೆಚ್ಚವನ್ನೂ ಒಂದೇ ಯೋಜನಾ ವರದಿಯಲ್ಲಿ ಜನರ ಮುಂದಿಡಲಿ. ಆ ಊರಿನ ಕಾರ್ಮಿಕ ಕುಟುಂಬಗಳಿಗೆ ಪ್ರತಿವರ್ಷ ಸೆಪ್ಟೆಂಬರ್ 15ರಂದು ಹಾಕುವ ಹೂಮಾಲೆಗಿಂತ ಇಂಥ ವರದಿಯ ಅಗತ್ಯವೇ ಹೆಚ್ಚು.