ಒಂದೇ ಹಲ್ಲಿನ ಅಧ್ಯಕ್ಷರು

ಒಂದು ಡಾಲರ್ ನೋಟಿನ ಮೇಲಿರುವ ಜಾರ್ಜ್ ವಾಷಿಂಗ್ಟನ್ ಅವರ ಬಿಗಿದ ತುಟಿಗಳನ್ನು ಗಮನಿಸಿದ್ದೀರಾ? ಆ ಗಾಂಭೀರ್ಯದಲ್ಲಿ ಕೃತಕ ದಂತಪಂಕ್ತಿಯ ಪಾಲೂ ಇದೆ.

1732ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ವಾಷಿಂಗ್ಟನ್ 24ನೇ ವಯಸ್ಸಿನಲ್ಲೇ ಹಲ್ಲು ಕೀಳಿಸಿಕೊಂಡರು. ಬಳಿಕ ಹಲ್ಲುನೋವು ಅವರ ನಿತ್ಯ ಸಂಗಾತಿಯಾಯಿತು. ಸ್ವಾತಂತ್ರ್ಯ ಸಮರದ ದಂಡನಾಯಕರಾಗಿದ್ದ ಅವರು 1781ರಲ್ಲಿ ಹಲ್ಲು ಶುಚಿಗೊಳಿಸುವ ಸಲಕರಣೆ ಕೋರಿ ದಂತವೈದ್ಯರಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತ್ತು!

1789ರಲ್ಲಿ ಅಮೆರಿಕದ ಪ್ರಥಮ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ನ್ಯೂಯಾರ್ಕ್‌ನ ದಂತವೈದ್ಯ ಜಾನ್ ಗ್ರೀನ್‌ವುಡ್ ನೀರಾನೆಯ ದಂತವನ್ನು ಕಡೆದು, ಮನುಷ್ಯರ ಹಲ್ಲುಗಳನ್ನು ಕೂರಿಸಿ, ಆ ಒಂಟಿ ಹಲ್ಲು ತೂರುವಷ್ಟು ರಂಧ್ರ ಬಿಟ್ಟು ಪಂಕ್ತಿ ತಯಾರಿಸಿದರು. ಮೇಲಿನ ಹಾಗೂ ಕೆಳಗಿನ ಪಂಕ್ತಿಗಳನ್ನು ಸ್ಪ್ರಿಂಗ್ ಸದಾ ದೂರ ತಳ್ಳುತ್ತಿತ್ತು. ಬಾಯಿ ಮುಚ್ಚಿಡಲು ದವಡೆ ಬಿಗಿಹಿಡಿಯಬೇಕು. ಊಟವೂ ಮಾತೂ ಕಷ್ಟವೇ.

ವಾಷಿಂಗ್ಟನ್ ಮರದ ಹಲ್ಲು ಧರಿಸುತ್ತಿದ್ದರೆಂಬುದು ಕಟ್ಟುಕಥೆ. ವಾಸ್ತವ ಅದಕ್ಕಿಂತ ಕಹಿ. 9 ಹಲ್ಲುಗಳಿಗಾಗಿ ಕಪ್ಪು ಜನರಿಗೆ 6 ಪೌಂಡ್ 2 ಶಿಲಿಂಗ್ ಪಾವತಿಸಿದ್ದು ಅವರ 1784ರ ಲೆಕ್ಕಪುಸ್ತಕದಲ್ಲಿ ನಮೂದಾಗಿದೆ. ಹಲ್ಲು ತೆತ್ತವರು ಅವರದೇ ಮೌಂಟ್ ವರ್ನನ್ ತೋಟದ ಗುಲಾಮರೆಂಬುದು ಇತಿಹಾಸಕಾರರ ಊಹೆ. ಅವು ಯಜಮಾನನ ಬಾಯಿಗೇ ಸೇರಿದವೆಂಬುದಕ್ಕೆ ಪುರಾವೆಯಿಲ್ಲ. ಆದರೆ ಗುಲಾಮನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಾದರೂ ಎಲ್ಲಿತ್ತು?

ದವಡೆಯ ಮೂಳೆಗೇ ಟೈಟಾನಿಯಂ ತಿರುಪು ಕೂರಿಸಿ ಹಲ್ಲು ಕಟ್ಟುವ ಚಿಕಿತ್ಸೆ ಸ್ವೀಡನ್‌ನಲ್ಲಿ ರೋಗಿಯೊಬ್ಬರಿಗೆ ದೊರೆತದ್ದು 1965ರಲ್ಲಿ. ವಾಷಿಂಗ್ಟನ್ ಅವರ ಕೊನೆಯ ಹಲ್ಲು 1796ರಲ್ಲಿ ಹೋಯಿತು. ಗ್ರೀನ್‌ವುಡ್ ಅದನ್ನು ಲಾಕೆಟ್‌ನಲ್ಲಿ ಜೋಪಾನವಾಗಿರಿಸಿಕೊಂಡರು. 1799ರ ಡಿಸೆಂಬರ್ 14ರಂದು ವಾಷಿಂಗ್ಟನ್ ನಿಧನರಾದರು. ಅವರು ಬಳಸಿದ ಪೂರ್ಣ ದಂತಪಂಕ್ತಿಯೊಂದು ಮೌಂಟ್ ವರ್ನನ್‌ನ ಸಂಗ್ರಹದಲ್ಲಿದೆ.