ಹಣೆಯಿಂದ ಇಳಿದ ಮೂಗು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸೀನಿಯರ್ ಒಬ್ಬರು ಮೈಸೂರು ರಸ್ತೆಯಲ್ಲಿ ಬೈಕಿಂದ ಬಿದ್ದರು. ಹೆಲ್ಮೆಟ್ ಇರಲಿಲ್ಲ. ನೆತ್ತಿಯ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದು ಮೂಳೆ ಕಾಣುತ್ತಿತ್ತು. ತೊಡೆಯ ಚರ್ಮ ತೆಗೆದು ಅಂಟಿಸಬಹುದಲ್ವಾ ಅಂತ ನಾವು ಡಾಕ್ಟರನ್ನು ಕೇಳಿದೆವು. ಮೂಳೆಯ ಮೇಲಿನ ತೆಳುಪೊರೆಯೂ ಹೋಗಿಬಿಟ್ಟಿದೆ, ಬರೀ ಮೂಳೆ ಮೇಲೆ ಅಂಟಿಸಿದ ಚರ್ಮಕ್ಕೆ ರಕ್ತ ಸಿಗದೆ ಅದು ಸಾಯುತ್ತೆ, ಅಂದರು. ಪಕ್ಕದ ನೆತ್ತಿಯನ್ನೇ ಕಮಾನಿನಂತೆ ಕೊಯ್ದು, ಒಂದು ಬದಿ ರಕ್ತನಾಳದ ಸಮೇತ ಹಾಗೇ ಬಿಟ್ಟು, ತಿರುಗಿಸಿ ಗಾಯ ಮುಚ್ಚಿದರು. ಈ ಉಪಾಯದ ಮೂಲ ಹುಡುಕುತ್ತಾ ಹೋದ ನಮಗೆ ಸಿಕ್ಕವನು ಕವಾಸ್‌ಜಿ. ಪ್ಲಾಸ್ಟಿಕ್ ಸರ್ಜರಿ ಓದುವವರಿಗೆಲ್ಲ ಗೊತ್ತಿರುವ ಹೆಸರು. ನಮ್ಮ ಕೆಂಗೇರಿಯಿಂದ ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಶ್ರೀರಂಗಪಟ್ಟಣದ ಯುದ್ಧಕ್ಕೆ ಸೇರಿದ ಕಥೆ ಅವನದು.

ಕವಾಸ್‌ಜಿ ಮರಾಠಾ ರೈತ ಕುಲದವನು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ. ಇದೇನು ದೊಡ್ಡ ಕೆಲಸ ಅನ್ನಬೇಡಿ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬಂದೂ ತನ್ನ ಭಾರಿ ತೋಪುಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದ. ಅವನ್ನು ಎಳೆಯೋಕೆ ಎತ್ತುಗಳೇ ಉಳಿದಿರಲಿಲ್ಲ. ಸೇನೆಗೆ ಅಷ್ಟು ಬೇಕಾದವರಲ್ಲಿ ಒಬ್ಬನಾದ ಕವಾಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆಮೇಲೆ ಅವನು ಶ್ರೀರಂಗಪಟ್ಟಣದ ಬಳಿ ಇದ್ದ ಬೊಂಬಾಯಿ ಸೇನೆಯನ್ನು ಸೇರಿಕೊಂಡ.

ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ. ಎದುರು ಬಂದವರು ಮೊದಲು ನೋಡುವುದೇ ಅದನ್ನು.

ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಬಗ್ಗಿಸಿ ಅಳತೆ ನೋಡುತ್ತಾರೆ. ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ ನಾವು ಒದ್ದಾಡಿದ ಡೆವಲಪ್‌ಮೆಂಟ್ ಆಫ್ ಸರ್ಫೇಸಸ್ ಇದೇ ತಾನೆ! ಗೆರೆಯ ಗುಂಟ ಹಣೆಯ ಚರ್ಮ ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕೊಯ್ಯದೆ ಬಿಟ್ಟು, ಅಲ್ಲಿಂದ ತಿರುಚಿ ಕೆಳಗಿಳಿಸಿ ಕೂರಿಸುತ್ತಾರೆ. ಹೊಲಿಗೆ ಇಲ್ಲ. ಕಾಚು ನೆನೆಸಿ ಬಟ್ಟೆಪಟ್ಟಿಗೆ ಸವರಿ, ಐದಾರು ಪದರ ಅಂಟಿಸುತ್ತಾರೆ. ನಾಲ್ಕು ದಿನ ಮುಟ್ಟುವಂತಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆ ಮುಚ್ಚಿಕೊಳ್ಳದಿರಲಿ ಅಂತ ಅದರೊಳಗೆ ಮೆತ್ತನೆ ಬಟ್ಟೆಯ ತುಂಡು. ಅರಿವಳಿಕೆ ಬರಲು ಆಗಿನ್ನೂ ಅರ್ಧ ಶತಮಾನ ಬಾಕಿ ಇತ್ತು ಅನ್ನೋದನ್ನು ಮರೀಬೇಡಿ.

ಆ ಕೊಯ್ಯದೆ ಬಿಟ್ಟ ಪಟ್ಟಿಯೇ ಇಡೀ ಕೆಲಸದ ಜೀವ. ಹೊಸ ಜಾಗದಲ್ಲಿ ರಕ್ತನಾಳ ಬೆಳೆಯುವವರೆಗೂ ಹಳೇ ಸಪ್ಲೈ ಕಟ್ ಮಾಡಬಾರದು. ಸುಮಾರು 25ನೇ ದಿನ ಅದನ್ನೂ ಕತ್ತರಿಸುತ್ತಾರೆ. ಆಗ ಮೂಗು ತನ್ನ ಕಾಲ ಮೇಲೆ ತಾನು ನಿಂತ ಹಾಗೆ. ನೆತ್ತಿಯ ಗಾಯದಲ್ಲೂ ಲೆಕ್ಕ ಇದೇ. ಆದರೆ ನೆತ್ತಿಯ ಚರ್ಮ ಬಲು ಬಿಗಿ, ಎಳೆದರೆ ಹಿಗ್ಗೋದಿಲ್ಲ. ಅದಕ್ಕೇ ಗಾಯಕ್ಕಿಂತ ಎಷ್ಟೋ ಪಟ್ಟು ದೊಡ್ಡ ಭಾಗವನ್ನು ಎಬ್ಬಿಸಬೇಕಾಗುತ್ತೆ. ನಮ್ಮ ಸೀನಿಯರ್ ತಲೆಯಲ್ಲಿ ಹೊಲಿಗೆ ಕಿವಿಯ ಹಿಂದಿನವರೆಗೂ ಹೋದದ್ದು ಯಾಕೆ ಅಂತ ಆಗ ನಮಗೆ ಅರ್ಥವಾಯಿತು.

ಕವಾಸ್‌ಜಿ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಪಿಂಚಣಿದಾರನಾದ. ಜೇಮ್ಸ್ ವೇಲ್ಸ್ ಎಂಬ ಕಲಾವಿದ ಅವನ ಚಿತ್ರ ಬರೆದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಈ ವಿಷಯವನ್ನು ಚಿತ್ರ ಸಮೇತ ಅಚ್ಚು ಹಾಕಿತು. ಹಣೆಯ ಮೇಲಿನ ಕಲೆಯೂ ಅದರಲ್ಲಿ ಕಾಣುತ್ತೆ. 20 ವರ್ಷದ ನಂತರ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಇದೇ ವಿಧಾನದಿಂದ ಮೂಗು ಕಟ್ಟಿದರು. ಅಲ್ಲಿಂದ ಯುರೋಪಿಗೆಲ್ಲ ಹರಡಿತು.

ಪತ್ರಿಕೆಯ ಆ ಪುಟದಲ್ಲಿ ಕವಾಸ್‌ಜಿಯ ಹೆಸರಿದೆ. ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ನೋಡಿದ ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರೂ ಇದೆ. ಮೂಗು ಮಾಡಿಕೊಟ್ಟ ಇಟ್ಟಿಗೆಯವನ ಹೆಸರನ್ನು ಮಾತ್ರ ಅಚ್ಚು ಹಾಕಿಲ್ಲ.