ಗುಬ್ಬಿ ಕಂಪನಿಯ ಆನೆ

ನಮ್ಮ ಐ.ಡಿ.ಹಳ್ಳಿ ಕಡೆ ಕಂಪನಿ ಅಂದರೆ ಎರಡು ಅರ್ಥ. ಡಿಗ್ರಿ ಮುಗಿಸಿ ರೆಸ್ಯೂಮೆ ಹಿಡಿದು ಓಡಾಡುವ ನಮ್ಮಂಥವರಿಗೆ ಅದು ಬೆಂಗಳೂರಿನಲ್ಲಿರುವ ಗಾಜಿನ ಕಟ್ಟಡ. ಮನೆಯ ಹಿರಿಯರಿಗೆ ಮಾತ್ರ ಕಂಪನಿ ಅಂದರೆ ನಾಟಕ ಕಂಪನಿ, ಅದರಲ್ಲೂ ಗುಬ್ಬಿ ಕಂಪನಿ. ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಹೋದರೆ ಗುಬ್ಬಿ ಅಲ್ಲಿಂದ ಇಪ್ಪತ್ತು ಕಿ.ಮೀ. ಅಷ್ಟೆ. ಹೋದ ತಿಂಗಳ ಇಂಟರ್‌ವ್ಯೂ ಒಂದರಲ್ಲಿ ನಿಮಗೆ ಮಾದರಿಯಾದ ಉದ್ಯಮಿ ಯಾರು ಎಂದು ಕೇಳಿದಾಗ ಎಲ್ಲರಂತೆ ನಾನೂ ಒಬ್ಬ ಅಮೆರಿಕನ್ ಹೆಸರು ಹೇಳಿ ಬಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನೆನಪಾದವರು ಗುಬ್ಬಿ ವೀರಣ್ಣ.

1884ರಲ್ಲಿ ಗುಬ್ಬಿಯ ಕೆಲವು ಆಸಕ್ತರು ಸೇರಿ ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ವೀರಣ್ಣ ಹುಟ್ಟಿದ್ದು ಅದಾದ ಏಳು ವರ್ಷಕ್ಕೆ, 1891ರಲ್ಲಿ. ಅಂದರೆ ಅವರು ಕಂಪನಿಯ ಸ್ಥಾಪಕರಲ್ಲ, ಬಾಲನಟನಾಗಿ ಸೇರಿದ ಹುಡುಗ. ಓದಿದ್ದು ಕಡಿಮೆ, ಕಲಿತದ್ದೆಲ್ಲ ಪರದೆಯ ಹಿಂದೆ. ಮೂವತ್ತು ತುಂಬುವ ಮೊದಲೇ ಅದೇ ಕಂಪನಿಯ ಒಡೆತನ ಅವರ ಕೈಗೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟ್ರೈನಿಯಾಗಿ ಸೇರಿದವರು ಎಂ.ಡಿ. ಆದರು.

ಎಂ.ಡಿ. ಆದಮೇಲೂ ಅವರು ಒಳ್ಳೆಯ ಪಾತ್ರಗಳನ್ನೆಲ್ಲ ತಮಗೇ ಇಟ್ಟುಕೊಳ್ಳಲಿಲ್ಲ. ಅವರಿಗೆ ಹೆಸರು ತಂದದ್ದು ಹಾಸ್ಯ. ‘ಸದಾರಮೆ’ ನಾಟಕದಲ್ಲಿ ಮಾಲೀಕರು ಕಳ್ಳನ ಪಾತ್ರ! ರಾಜನ ಕಿರೀಟ ಬೇರೆಯವರ ತಲೆಗೆ. ಹಣ ಹಾಕಿದವನೇ ಹೀರೋ ಆಗಬೇಕೆಂಬ ಹಟ ಎಷ್ಟು ಕಂಪನಿಗಳನ್ನು ಮುಳುಗಿಸಿದೆಯೋ ಲೆಕ್ಕವಿಲ್ಲ. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬ ಲೆಕ್ಕದಲ್ಲಿ ವೀರಣ್ಣ ತಮ್ಮನ್ನೂ ಸೇರಿಸಿಕೊಂಡಿದ್ದರು.

ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಅವರು ನಟಿಯರನ್ನು ರಂಗಕ್ಕೆ ತಂದರು. ನಾಟಕದ ಹೆಣ್ಣುಮಕ್ಕಳೆಂದರೆ ಸಮಾಜ ಮೂಗು ಮುರಿಯುತ್ತಿದ್ದ ಕಾಲವದು. ಬಿ. ಜಯಮ್ಮನವರಂಥ ನಟಿಯರು ಬಂದಮೇಲೆ ಜನ ಅವರ ಹಾಡು ಕೇಳಲೆಂದೇ ಟಿಕೆಟ್ ಕೊಳ್ಳತೊಡಗಿದರು. ಮಕ್ಕಳದೇ ಬೇರೆ ತಂಡ ಕಟ್ಟಿ ತರಬೇತಿ ಕೊಟ್ಟರು. ತೆಲುಗು ಸೀಮೆಗೆ ಹೋದಾಗ ಕನ್ನಡಕ್ಕೇ ಅಂಟಿಕೊಂಡು ಕೂರದೆ ತೆಲುಗಿನಲ್ಲೇ ನಾಟಕ ಆಡಿದರು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ನಮ್ಮ ಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಮಾತ್ರ ರೆಸ್ಯೂಮೆಯಲ್ಲಿ ತೆಲುಗು ಬರುತ್ತದೆಂದು ಬರೆಯಲು ಮರೆಯುತ್ತೇವೆ.

ಇನ್ನು ಆನೆ. 1930ರ ದಶಕದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಅವರು ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ನಾವು ಇದನ್ನು ಸಾಹಸ ಎಂದು ಹೊಗಳಿ ಮುಂದೆ ಹೋಗುತ್ತೇವೆ. ನಾನು ಬಿ.ಕಾಂ. ಓದಿದವನು, ನನ್ನ ತಲೆ ಖರ್ಚಿನ ಕಡೆಗೇ ಓಡುತ್ತದೆ. ಆನೆಯ ಭಾರ ತಡೆಯುವ ಹಲಗೆ ಬೇಕು, ಮೇವು ಬೇಕು, ಮಾವುತ ಬೇಕು, ಚಪ್ಪಾಳೆಗೆ ಬೆದರದ ಪ್ರಾಣಿ ಬೇಕು. ಮಳೆ ಹಿಡಿದು ಜನ ಬರದಿದ್ದರೂ ಆನೆಗೆ ಹಸಿವು ತಪ್ಪದು, ಕಲಾವಿದರ ಅಡುಗೆಮನೆಯ ಒಲೆ ಆರುವಂತಿಲ್ಲ. ಕ್ಯಾಂಪ್ ಗೆದ್ದರೆ ಸರಿ, ಸೋತರೆ ಊರಿಂದ ಊರಿಗೆ ಸಾಮಾನು ಸಾಗಿಸಲೂ ಸಾಲ. ಇಷ್ಟೆಲ್ಲ ಗೊತ್ತಿದ್ದೂ ಅವರು ಆನೆ ತಂದರು. ಬೇರೆಲ್ಲೂ ನೋಡಲು ಸಿಗದ್ದು ಇಲ್ಲಿ ಸಿಕ್ಕರೆ ಹತ್ತು ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ ಎಂಬ ಲೆಕ್ಕ ಅದರಲ್ಲಿತ್ತು.

ಎಲ್ಲ ಲೆಕ್ಕವೂ ಸರಿಹೋಯಿತೆಂದಲ್ಲ. ನಾಟಕವನ್ನು ನುಂಗಲಿರುವ ಸಿನಿಮಾವನ್ನು ಅವರು ದೂರ ನಿಂತು ಬೈಯಲಿಲ್ಲ, ಮೂಕಿ ಚಿತ್ರಗಳ ಕಾಲದಲ್ಲೇ ಅದಕ್ಕೆ ಕೈ ಹಾಕಿದರು. ಹಾಗಿದ್ದೂ ಸಿನಿಮಾ ಕೊನೆಗೆ ಕಂಪನಿಗಳ ಪ್ರೇಕ್ಷಕರನ್ನು ಸೆಳೆದುಕೊಂಡೇ ಬಿಟ್ಟಿತು. 1954ರಲ್ಲಿ ಅವರ ಸಂಸ್ಥೆ ಎ.ವಿ.ಎಂ. ಜೊತೆ ಸೇರಿ ತೆಗೆದ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜ್‌ಕುಮಾರ್, ಹುಡುಗನಾಗಿದ್ದಾಗ ತಂದೆಯ ಜೊತೆ ಇದೇ ಕಂಪನಿಯಲ್ಲಿ ಬೆಳೆದವರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇಲ್ಲಿ ಪಳಗಿದವರೇ. ತರಬೇತಿ ಕೊಟ್ಟದ್ದು ಗುಬ್ಬಿ ಕಂಪನಿ, ಫಸಲು ಕೊಯ್ದದ್ದು ಚಿತ್ರರಂಗ. ಫ್ರೆಶರ್‌ಗಳಿಗೆ ಕಲಿಸಿದರೆ ಬಿಟ್ಟುಹೋಗುತ್ತಾರೆಂದು ಎರಡು ವರ್ಷದ ಬಾಂಡ್ ಬರೆಸಿಕೊಳ್ಳುವ ಇಂದಿನ ಕಂಪನಿಗಳಿಗೆ ಇದು ನಷ್ಟದ ವ್ಯವಹಾರವಾಗಿಯೇ ಕಾಣಬಹುದು.

1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೀರಣ್ಣ ತೀರಿಕೊಂಡರು. ತುಮಕೂರಿನಲ್ಲಿ ಈಗ ಅವರ ಹೆಸರಿನ ಕಲಾಕ್ಷೇತ್ರವಿದೆ.

ಒಂದು ವಿಷಯ ಬಿಟ್ಟುಹೋಯಿತು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬ ಕಂಪನಿ ಸೇರಿದ್ದ. ಅವನಿಗೆ ಓದುವ ಆಸೆ ಇದೆಯೆಂದು ಕಂಡ ವೀರಣ್ಣ, ಎಂ.ಎ. ಓದಲು ಅವನನ್ನು ಬನಾರಸ್‌ಗೆ ಕಳಿಸಿದರು. ಓದು ಮುಗಿಸಿ ಅವನು ಕಂಪನಿಯ ಕೆಲಸಕ್ಕೇನೂ ವಾಪಸ್ ಬರಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದಕ್ಕೇ ನಿರ್ದೇಶಕನಾದ. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ. ಹೆಸರು ಬಿ.ವಿ. ಕಾರಂತ.